ಇಲ್ಲದ ದೀಪದ ಗುಂಡಿ

ನನ್ನ ಹೆಂಡತಿ ಬೆಳಗಿನ ಹೊತ್ತು ನನ್ನ ಮುಖವನ್ನೇ ದಿಟ್ಟಿಸಿ ನೋಡತೊಡಗಿದಾಗ ಮೊದಮೊದಲು ನನಗೆ ಖುಷಿಯೇ ಆಯಿತು. ಮದುವೆಯಾಗಿ ಇಷ್ಟು ವರ್ಷ ಕಳೆದ ಮೇಲೂ ಈ ಮುಖದಲ್ಲಿ ನೋಡುವಂಥದ್ದು ಏನೋ ಉಳಿದಿದೆಯಲ್ಲ ಎಂದು ಒಳಗೊಳಗೇ ಬೀಗಿದೆ. ಕಿಟಕಿಯ ಬೆಳಕು ನನ್ನ ಮೇಲೆ ಬೀಳುವ ಹಾಗೆ ಅವಳೇ ಕುರ್ಚಿ ತಿರುಗಿಸಿ ಕೂರಿಸುತ್ತಿದ್ದಳು. ಕಾಫಿ ಲೋಟ ಹಿಡಿದು ತಾನು ಎದುರಿಗೆ ಕೂರುತ್ತಿದ್ದಳು. ಹಣೆ, ಹುಬ್ಬು, ಮೂಗು, ಗದ್ದದ ಮೇಲಿನ ಹಳೇ ಗಾಯದ ಗುರುತು, ಎಲ್ಲವನ್ನೂ ಸಾವಕಾಶವಾಗಿ ನೋಡುತ್ತಿದ್ದಳು.

“ಏನೇ, ಹಲ್ಲಲ್ಲಿ ಏನಾದ್ರೂ ಸಿಕ್ಕಿಹಾಕಿಕೊಂಡಿದ್ಯಾ?”

“ಅಲ್ಲಾಡಬೇಡಿ.”

“ಅಂಗಡೀಲಿ ಬದನೆಕಾಯಿ ಆರಿಸೋ ಹಾಗೆ ನೋಡ್ತಿದ್ದೀಯಲ್ಲ!”

“ಒಂದು ಗಳಿಗೆ ಸುಮ್ಮನಿರೋಕೆ ಏನು ದಾಡಿ ನಿಮಗೆ?”

ಸುಮ್ಮನಿರುವುದು ನನ್ನ ಜಾಯಮಾನವಲ್ಲ. ನಾನು ಈಜು ಕಲಿಸುವವನು. ಕೊಳದ ಆ ತುದಿಯಲ್ಲಿ ನೀರು ಕುಡಿಯುತ್ತಿರುವ ಮಗುವಿಗೆ ಈ ತುದಿಯಿಂದ ಕೂಗಿ ಕೂಗಿ ನನ್ನ ಗಂಟಲು ಧ್ವನಿವರ್ಧಕವಾಗಿಬಿಟ್ಟಿದೆ. ಪಿಸುಗುಟ್ಟಿದರೂ ಪಕ್ಕದ ಮನೆಯವರು “ಏನಂದ್ರಿ?” ಎನ್ನುತ್ತಾರೆ. ಮಾತಾಡದೆ, ಅಲ್ಲಾಡದೆ ಕೂರುವುದೆಂದರೆ ನನಗೆ ನೀರಿನಲ್ಲಿ ಉಸಿರು ಕಟ್ಟಿ ಕೂತಷ್ಟೇ ಕಷ್ಟ. ಆದ್ದರಿಂದ ಅವಳ ನೋಟಕ್ಕೆ ಎರಡು ಮಾತು ಬಿಸಾಕಿ, ಟವೆಲ್ಲು ಹೆಗಲಿಗೆಸೆದು ಹೊರಟುಬಿಡುತ್ತಿದ್ದೆ. ಆ ನೋಟ ಏನೆಂದು ಕೇಳುವ ವ್ಯವಧಾನ ನನಗಿರಲಿಲ್ಲ.

ಅವಳ ಕೆಲಸ ನನ್ನ ಕೆಲಸಕ್ಕೆ ಪೂರಾ ತಿರುಗಾಮುರುಗಾ. ನನ್ನದು ಬಿಸಿಲು, ನೀರು, ಗದ್ದಲ. ಅವಳದು ಕತ್ತಲೆ ಕೋಣೆ, ಒಂದು ಲ್ಯಾಪ್‌ಟಾಪು, ಸತ್ತವರ ಮುಖಗಳು. ಜನ ತಮ್ಮ ಮನೆಯ ಹಳೇ ಫೋಟೋಗಳನ್ನು ತಂದುಕೊಡುತ್ತಾರೆ. ಗೆದ್ದಲು ತಿಂದ ತಾತ, ನೀರು ಬಿದ್ದು ಕರಗಿದ ಅತ್ತೆ, ಮಡಿಸಿಟ್ಟು ಮಡಿಸಿಟ್ಟು ಮೂಗಿನ ಮೇಲೆ ಗೆರೆ ಮೂಡಿದ ಮದುಮಗಳು. ಇವಳು ಅವರನ್ನೆಲ್ಲ ಪರದೆಯ ಮೇಲೆ ದೊಡ್ಡದು ಮಾಡಿಕೊಂಡು, ಗೆರೆಗಳನ್ನು ಅಳಿಸಿ, ಹೋದ ಕಣ್ಣಿನ ಜಾಗಕ್ಕೆ ಕಣ್ಣು ತರುತ್ತಾಳೆ. ಹೊರಗಿನ ಬೆಳಕು ಬಿದ್ದರೆ ಬಣ್ಣದ ಅಂದಾಜು ತಪ್ಪುತ್ತದೆಯಂತೆ. ಅದಕ್ಕೇ ಕಿಟಕಿಗೆ ದಪ್ಪನೆಯ ನೀಲಿ ಬಟ್ಟೆ ಇಳಿಬಿಟ್ಟಿದ್ದಾಳೆ. ಅವಳಪ್ಪನ ಸ್ಟುಡಿಯೋದಲ್ಲಿ ಜನರ ಬೆನ್ನ ಹಿಂದೆ ಕಟ್ಟುತ್ತಿದ್ದ ಬಟ್ಟೆ ಅದು. ಹಗಲಲ್ಲೂ ಆ ಕೋಣೆ ಕೊಳದ ತಳದ ಹಾಗಿರುತ್ತದೆ, ನೀಲಿ ಮತ್ತು ನಿಶ್ಶಬ್ದ. ಬಾಗಿಲಲ್ಲಿ ನಿಂತರೆ ಅವಳ ಮುಖದ ಅಂಚು ಮಾತ್ರ ಪರದೆಯ ಬೆಳಕಿಗೆ ತೇಲುತ್ತಿರುತ್ತದೆ. ನಾನು ಬಿಸಿಲಿನಿಂದ ನೇರ ಒಳಗೆ ಬಂದವನಾದ್ದರಿಂದ ಆ ಬೆಳಕು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂದು ಯಾವತ್ತೂ ನನಗೆ ಗೊತ್ತಾಗಿದ್ದಿಲ್ಲ. ನನಗೆ ಒಳಗಿರುವುದೆಲ್ಲ ಕತ್ತಲೆಯೇ.

ಆ ಲ್ಯಾಪ್‌ಟಾಪಿನ ಒಡೆಯಳು ಅವಳಾದರೂ ಅಧಿಪತಿ ಅವಳ ತಮ್ಮ. ಗ್ರಂಥಾಲಯವೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಆಸಾಮಿ. ಎಲ್ಲರೂ ಬಳಸುವ ಸಿಸ್ಟಮ್ ಎಂದರೆ ಮೂಗು ಮುರಿಯುತ್ತಾನೆ. ತನ್ನಂಥವರೇ ಸೇರಿ ಬರೆದ, ಯಾರಿಗೂ ಸೇರದ, ಎಲ್ಲರಿಗೂ ಸೇರಿದ ಲಿನಕ್ಸ್ ಎಂಬ ಸಿಸ್ಟಮನ್ನೇ ಅಕ್ಕನ ಯಂತ್ರಕ್ಕೂ ಹಾಕಿಕೊಟ್ಟಿದ್ದ. ಮೌಸು ಮುಟ್ಟುವುದು ಅವನಿಗೆ ಮರ್ಯಾದೆಗೆ ಕಡಿಮೆ. ಕಪ್ಪು ಕಿಟಕಿಯೊಂದನ್ನು ತೆರೆದು ಪಟಪಟನೆ ಏನೋ ಕುಟ್ಟುತ್ತಾನೆ. ಕೇಳಿದರೆ “ಕಮಾಂಡ್ ಕೊಡ್ತಿದ್ದೀನಿ ಭಾವ” ಎನ್ನುತ್ತಾನೆ. ಹಾಗಾಗಿ ನಾನು ಅವನಿಗೆ ಕಮಾಂಡು ಎಂದೇ ಹೆಸರಿಟ್ಟಿದ್ದೆ. ಬಂದಾಗಲೆಲ್ಲ ಅಕ್ಕ ಹೇಗಿದ್ದಾಳೆಂದು ಕೇಳುವ ಮೊದಲು ಯಂತ್ರ ಹೇಗಿದೆಯೆಂದು ನೋಡುವವನು. ಅಕ್ಕನಿಗೆ ಮಾತ್ರ ಅವನು ಇನ್ನೂ ಮರಿ.

ಒಂದು ಮಧ್ಯಾಹ್ನ ಊಟಕ್ಕೆ ಬಂದಾಗ ಮುಂದಿನ ಕೋಣೆಯ ಮೇಜಿನ ಮೇಲೆ ಫೋಟೋಗಳ ಕಟ್ಟು ಬಿದ್ದಿತ್ತು. ಅಚ್ಚು ಹಾಕುವ ಅಂಗಡಿಯಿಂದ ವಾಪಸು ಬಂದವು. ಮೇಲಿನದನ್ನು ಎತ್ತಿ ನೋಡಿದೆ. ಅಜ್ಜಿಯೊಬ್ಬಳು ಸುಣ್ಣ ಬಳಿದುಕೊಂಡವಳ ಹಾಗೆ ಬೆಳ್ಳಗೆ ನಿಂತಿದ್ದಳು.

“ಇದ್ಯಾಕೆ ಹೀಗೆ ಬಿಳಿಚಿಕೊಂಡಿದಾಳೆ ಈ ಮುದುಕಿ?”

“ಅಂಗಡಿಯೋನು ಅದನ್ನೇ ಹೇಳಿದ,” ಎಂದಳು ಇವಳು. “ನಾನು ಬೆಳಕು ಜಾಸ್ತಿ ಕೊಟ್ಟುಬಿಟ್ಟಿದೀನಂತೆ. ನನಗೆ ಪರದೆಯಲ್ಲಿ ಸರಿಯಾಗೇ ಕಾಣಿಸಿತ್ತು.”

“ಅವನ ಮಿಷಿನ್ನೇ ಕೆಟ್ಟಿರಬೇಕು. ಬೈದು ಕಳಿಸು.”

“ಮಿಷಿನ್ನಿಗೆ ಬೈಯೋದು ನಮ್ಮ ಮನೇಲಿ ಒಂದು ಸಲ ಆಗಿದೆ,” ಎಂದು ಕಟ್ಟನ್ನು ತಿರುಗಿಸಿಟ್ಟು ತಟ್ಟೆ ಹಾಕಿದಳು. ಅವಳ ದನಿಯಲ್ಲಿ ಏನೋ ಇತ್ತು. ನನಗೆ ಹಸಿವಾಗಿತ್ತು. ಕೇಳಲಿಲ್ಲ.

ಕೊಳದ ನೀರು ಬದಲಿಸುವ ದಿನ ನನಗೆ ಕೆಲಸ ಬೇಗ ಮುಗಿಯುತ್ತದೆ. ಅಂಥ ಒಂದು ದಿನ ಹೊತ್ತಿಗೆ ಮುಂಚೆ ಮನೆಗೆ ಬಂದೆ. ಬಾಗಿಲು ಬರೀ ಮುಂದೆ ಮಾಡಿತ್ತು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟೆ. ನಡುಮನೆಯಲ್ಲಿ ನನ್ನ ಹೆಂಡತಿ ಕಣ್ಣು ಮುಚ್ಚಿಕೊಂಡು ನಡೆಯುತ್ತಿದ್ದಳು.

ಕೈಗಳನ್ನು ಸ್ವಲ್ಪ ಮುಂದೆ ಚಾಚಿದ್ದಳು. ನೀರಿಗೆ ಮೊದಲ ಸಲ ಇಳಿದ ಮಕ್ಕಳು ಹಾಗೆ ಕೈ ಚಾಚುತ್ತವೆ. ಬೆರಳ ತುದಿ ಕುರ್ಚಿಯ ಬೆನ್ನನ್ನು ಮುಟ್ಟಿತು, ಬಿಟ್ಟಿತು. ಗೋಡೆಯನ್ನು ಸವರಿತು. ಕನ್ನಡಿ, ಕ್ಯಾಲೆಂಡರು, ಅಡುಗೆಮನೆಯ ಬಾಗಿಲ ಚೌಕಟ್ಟು. ಅಲ್ಲಿ ಸ್ವಲ್ಪ ತಡೆದು, ಹೊಸ್ತಿಲನ್ನು ಪಾದದಿಂದ ತಡಕಿ ದಾಟಿದಳು. ನೀರಿನ ಲೋಟ ಎಲ್ಲಿದೆಯೆಂದು ಕೈಗೇ ಗೊತ್ತಿತ್ತು. ಕುಡಿದು, ತೊಳೆದು, ಬೋರಲು ಹಾಕಿ, ಅದೇ ದಾರಿಯಲ್ಲಿ ತೇಲಿಕೊಂಡು ವಾಪಸು ಬಂದಳು. ಮನೆಯ ತುಂಬ ಮಧ್ಯಾಹ್ನದ ಬಿಸಿಲು ಬಿದ್ದಿತ್ತು. ಆ ಬಿಸಿಲಿನ ನಡುವೆ ಅವಳೊಬ್ಬಳು ಮಾತ್ರ ಯಾವುದೋ ಬೇರೆ ಮನೆಯಲ್ಲಿ, ಬೇರೆ ಹೊತ್ತಿನಲ್ಲಿ ಓಡಾಡುತ್ತಿದ್ದಂತೆ ಕಾಣಿಸಿತು. ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ಬಾಯಿಂದ ಸದ್ದು ಹೊರಡಲಿಲ್ಲ.

ಅವಳ ಬೆರಳು ನನ್ನ ಎದೆಗೆ ತಗುಲಿತು. ನಿಂತಳು. ಮೂಗು ಅರಳಿಸಿದಳು.

“ಕ್ಲೋರಿನ್ನು,” ಎಂದಳು. “ನೀವಾ? ಇವತ್ತು ಬೇಗ ಬಂದ್ರಾ?”

“ಕಣ್ಣು ಬಿಡೇ ಮೊದಲು!”

ಬಿಟ್ಟಳು. ಆ ಕಣ್ಣುಗಳಲ್ಲಿ ನೀರಿತ್ತು. ಆಗ ಹೇಳಿದಳು. ಪರದೆ ದಿನೇ ದಿನೇ ಮಂಕಾಗುತ್ತಿದೆಯಂತೆ. ಒಂದೇ ಸಲಕ್ಕಲ್ಲ. ಸಂಜೆಯಾಗುವಾಗ ಎಷ್ಟು ಹೊತ್ತಿಗೆ ಕತ್ತಲಾಯಿತೆಂದು ಹೇಗೆ ಗೊತ್ತಾಗುವುದಿಲ್ಲವೋ ಹಾಗೆ. ಫೋಟೋದ ನೆರಳಿನೊಳಗಿನ ಗೆರೆಗಳು ಒಂದೊಂದಾಗಿ ಕಾಣದಾದವು. ಆಮೇಲೆ ಕೂದಲೆಳೆಗಳು. ಈಗ ರೆಪ್ಪೆಗಳು.

“ಬೆಳಕು ಜಾಸ್ತಿ ಮಾಡ್ಕೊಳ್ಳೋ ಗುಂಡಿ ಇದೆಯಲ್ಲ ಅದರಲ್ಲಿ?”

“ಒತ್ತೀನಿ. ಒತ್ತಿದಾಗೆಲ್ಲ ಪಟ್ಟಿ ಪೂರ್ತಿ ತುಂಬಿದೆ ಅಂತ ತೋರಿಸುತ್ತೆ. ಇನ್ನು ಮೇಲೆ ಹೋಗೋಕೆ ಜಾಗ ಇಲ್ಲ. ದೀಪ ಪೂರ್ತಿ ಉರೀತಿದೆ ರೀ. ನನ್ನ ಕಣ್ಣೇ ಆರ್ತಾ ಇದೆ.”

ಇಷ್ಟು ಹೇಳಿದ ಮೇಲೆ ಉಳಿದದ್ದು ನನಗೆ ಗೊತ್ತಿದ್ದ ಕಥೆಯೇ. ಅವಳಪ್ಪನಿಗೂ ಹೀಗೇ ಶುರುವಾಗಿದ್ದು. ಸ್ಟುಡಿಯೋದಲ್ಲಿ ಬೆಳಕು ಸಾಲುತ್ತಿಲ್ಲ ಎಂದು ಮಾವ ಬಲ್ಬು ಬದಲಿಸುತ್ತಲೇ ಹೋದರು. ಸ್ಟೂಲು ಹತ್ತಿದ ಅಪ್ಪನಿಗೆ ಕೆಳಗಿನಿಂದ ಬಲ್ಬು ಎತ್ತಿಕೊಡುತ್ತಿದ್ದವಳು ಇವಳೇ. ಬಲ್ಬು ಮಾಡಿದವನಿಗೆ ಬೈದರು, ಮಾರಿದವನಿಗೆ ಬೈದರು, ಕರೆಂಟಿನವರ ಕಚೇರಿಗೆ ಹೋಗಿ ಜಗಳವಾಡಿ ಬಂದರು. ಯಾರ ಮಾತೂ ಕೇಳಲಿಲ್ಲ. ಕಣ್ಣಿನ ಡಾಕ್ಟರ ಬಳಿ ಹೋಗುವ ಹೊತ್ತಿಗೆ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಅವರು ಕೊಂಡಿಟ್ಟಿದ್ದ ಬಲ್ಬುಗಳು ಪೆಟ್ಟಿಗೆಗಟ್ಟಲೆ ನಮ್ಮ ಅಟ್ಟದ ಮೇಲಿವೆ. ಬಚ್ಚಲುಮನೆಯಲ್ಲಿ ಈಗಲೂ ಉರಿಯುವುದು ಮಾವನ ಬಲ್ಬೇ.

“ಅಪ್ಪ ಬಲ್ಬಿಗೆ ಬೈಕೊಂಡು ಬೈಕೊಂಡೇ ಕಣ್ಣು ಕಳಕೊಂಡರು,” ಎಂದಳು. “ನಾನಾದ್ರೂ ದೀಪಕ್ಕೆ ಬೈಬಾರದು ಅಂತ ಆಗಲೇ ಅಂದುಕೊಂಡಿದ್ದೆ.”

“ಅದಕ್ಕೆ? ಗಂಡನಿಗೂ ಹೇಳಬಾರದು, ಡಾಕ್ಟರಿಗೂ ತೋರಿಸಬಾರದು ಅಂತಾನೂ ಅಂದುಕೊಂಡ್ಯಾ?” ನನ್ನ ದನಿಗೆ ಅಡುಗೆಮನೆಯ ತಟ್ಟೆಗಳು ಝಣ್ ಎಂದವು. ಹೆದರಿಕೆಯಾದಾಗ ನನಗೆ ಬರುವುದು ಸಿಟ್ಟೇ.

“ತೋರಿಸಿದ ಮೇಲೆ ನಿಜ ಆಗಿಬಿಡುತ್ತಲ್ಲ ರೀ. ಅಲ್ಲೀತನಕ ಒಂದಿಷ್ಟು ನೋಡಿಕೊಂಡು, ಕಲಿತುಕೊಂಡು ಇರೋಣ ಅನ್ನಿಸಿತು. ಮನೆ ಹೆಚ್ಚುಕಮ್ಮಿ ಬಂತು. ನಿಮ್ಮ ಮುಖ ಇನ್ನೂ ಬಾಯಿಪಾಠ ಆಗಿಲ್ಲ. ನೀವು ಅಲ್ಲಾಡ್ತೀರ.”

ಬದನೆಕಾಯಿ ಎಂದಿದ್ದೆನಲ್ಲ ನಾನು!

ಡಾಕ್ಟರ ಬಳಿ ಹೆಸರು ಬರೆಸಿದೆ. ಮುಂದಿನ ವಾರಕ್ಕೆ ಕೊಟ್ಟರು. ಆ ವಾರ ನಾನು ಹೇಗೆ ಕಳೆದೆನೋ ನನಗೇ ಸರಿಯಾಗಿ ನೆನಪಿಲ್ಲ. ಮಕ್ಕಳಿಗೆ ಕೈಬೀಸುವುದನ್ನು ಕಲಿಸುತ್ತ ನಡುವೆ ಮಾತು ಮರೆತು ನಿಂತುಬಿಡುತ್ತಿದ್ದೆ. ಒಂದು ದಿನ ತರಗತಿ ಮುಗಿದು ಎಲ್ಲರೂ ಹೋದ ಮೇಲೆ ಕೊಳದಲ್ಲಿ ಅಂಗಾತ ತೇಲಿ ಕಣ್ಣು ಮುಚ್ಚಿದೆ. ಕಿವಿ ನೀರೊಳಗೆ ಮುಳುಗಿದರೆ ಲೋಕದ ಸದ್ದೆಲ್ಲ ದೂರ ಹೋಗುತ್ತದೆ. ರೆಪ್ಪೆಯ ಹಿಂದೆ ಮೊದಲು ಕೆಂಪಿತ್ತು, ಆಮೇಲೆ ಮೋಡ ಬಂದಿರಬೇಕು, ಬೂದುಬಣ್ಣವಾಯಿತು. ಎಲ್ಲಿದ್ದೇನೆಂದು ತಿಳಿಯದೆ ತೇಲುತ್ತ ತೇಲುತ್ತ ತಲೆ ಗೋಡೆಗೆ ಬಡಿಯಿತು. ಕೊಳದ ಇಂಚಿಂಚೂ ಬಲ್ಲೆ ಎಂದು ಜಂಬ ಕೊಚ್ಚಿಕೊಳ್ಳುವವನು ನಾನು. ಇವಳು ಲೋಟದವರೆಗೆ ಹೋಗಿ ಬಂದಿದ್ದಳಲ್ಲ ಎಂದುಕೊಂಡೆ.

ಅವತ್ತು ಮನೆಗೆ ಹೋಗಿ, “ನನಗೂ ಕಲಿಸು,” ಎಂದೆ. ನಕ್ಕಳು. ಆದರೂ ಟವೆಲ್ಲಿನಿಂದ ನನ್ನ ಕಣ್ಣು ಕಟ್ಟಿ ಕೈ ಹಿಡಿದು ನಡೆಸಿದಳು. ಮೇಜಿನ ಮೂಲೆಗೆ ಮೊಣಕಾಲು ಹೊಡೆಸಿಕೊಂಡೆ, ಕ್ಯಾಲೆಂಡರು ಬೀಳಿಸಿದೆ. “ಹೊಸ್ತಿಲು, ಕಾಲೆತ್ತಿ. ಇನ್ನೂ ಇಲ್ಲ, ಈಗ,” ಎಂದು ಅವಳು ಸಣ್ಣ ದನಿಯಲ್ಲಿ ಹೇಳುತ್ತಿದ್ದಳು. ಕತ್ತಲೆಯಲ್ಲಿ ಅವಳ ಕೈ ಮಾತ್ರ ಇತ್ತು, ಬೆಚ್ಚಗೆ. ಇಷ್ಟಾದರೆ ಸಾಕು, ಹೇಗೋ ಬದುಕಬಹುದು ಎನ್ನಿಸಿತು. ಮರುಗಳಿಗೆಗೆ, ಅವಳ ಕೆಲಸ ಹೋದರೆ ಅವಳು ಅವಳಾಗಿ ಉಳಿಯುತ್ತಾಳೆಯೇ ಎಂದು ದಿಗಿಲಾಯಿತು. ಅವಳು ಊಟ ಬೇಕಾದರೂ ಬಿಟ್ಟಾಳು, ಮುಖಗಳನ್ನು ನೋಡುವುದನ್ನು ಬಿಡಲಾರಳು ಎಂದು ನಾನು ತಮಾಷೆ ಮಾಡುತ್ತಿದ್ದದ್ದುಂಟು.

ಡಾಕ್ಟರ ಬಳಿ ಹೋಗುವ ಮೊದಲು ತಮ್ಮನಿಗೆ ವಿಷಯ ತಿಳಿಸಲೇಬೇಕೆಂದು ನಾನು ಹಟ ಹಿಡಿದೆ. ಅಪ್ಪನ ಕಾಯಿಲೆ ಅವನಿಗೂ ಬರಬಹುದಲ್ಲ. ಫೋನಿನಲ್ಲಿ ಹೇಳುವ ಮಾತಲ್ಲ ಎಂದು, “ಒಂದು ಸಲ ಬಂದು ಹೋಗಯ್ಯ, ನಿನ್ನ ಅಕ್ಕ ಮಾತಾಡಬೇಕಂತೆ,” ಎಂದಷ್ಟೇ ಹೇಳಿ ಕರೆಸಿದೆ.

ಬಂದ. ಸುಡುಬಿಸಿಲಿನಲ್ಲಿ ಸೈಕಲ್ಲು ತುಳಿದುಕೊಂಡು ಬಂದವನು ನೀರನ್ನೂ ಕುಡಿಯದೆ ನೇರವಾಗಿ ನೀಲಿ ಕೋಣೆಗೆ ನುಗ್ಗಿದ. ಅಕ್ಕ ಕೆಲಸದಲ್ಲಿದ್ದಳು. ಪರದೆಯ ಮೇಲೆ ಯಾರದೋ ಮನೆಯ ಮದುಮಗಳು. ಅವಳ ಎಡಗಣ್ಣಿನ ಜಾಗದಲ್ಲಿ ಕಲೆ.

“ಅಪ್‌ಡೇಟ್ ಎಲ್ಲಾ ಸರಿಯಾಗಿ ಬರ್ತಿದ್ಯಾ?” ಎಂದ. ಇದು ಅವನ ಕುಶಲಪ್ರಶ್ನೆ.

“ಬರ್ತಿದೆ. ಕೂತ್ಕೋ ಮರಿ.”

ಅವನು ಸ್ಟೂಲು ಎಳೆದು ಪಕ್ಕ ಕೂತ. ನಾನು ಬಾಗಿಲು ಹಾಕಿ ಅವಳ ಕುರ್ಚಿಯ ಹಿಂದೆ ನಿಂತೆ. ಹೇಳು ಎಂಬಂತೆ ಅವಳ ಭುಜ ಒತ್ತಿದೆ. ಅವಳು ಮಾತು ಹುಡುಕುತ್ತಿದ್ದಳು. ಅಷ್ಟರಲ್ಲಿ ಅವನ ಕೈ ತನ್ನ ಪಾಡಿಗೆ ಕೀಲಿಮಣೆಗೆ ಹೋಯಿತು. ನಮ್ಮ ಕಮಾಂಡು ಬೆಳಕು ಕಂಡರೆ ಮುಖ ಹಿಂಡುವ ಪ್ರಾಣಿ. ಯಾವ ಯಂತ್ರದ ಮುಂದೆ ಕೂತರೂ ಮೊದಲು ಬೆಳಕು ತಗ್ಗಿಸುವುದು ಅವನ ಚಾಳಿ. ಈಗಲೂ ತಗ್ಗಿಸುವ ಗುಂಡಿಯನ್ನು ಒತ್ತಿದ. ಪರದೆಯ ಮೂಲೆಯಲ್ಲಿ ಪಟ್ಟಿ ಮೂಡಿ, ಕುಗ್ಗುತ್ತ ಕುಗ್ಗುತ್ತ ಖಾಲಿಯಾಯಿತು. ಮದುಮಗಳು ಮಾತ್ರ ಹೇಗಿದ್ದಳೋ ಹಾಗೇ ಇದ್ದಳು.

“ಇದೇನಿದು? ಪಟ್ಟಿ ಇಳೀತು, ಬೆಳಕು ಇಳೀಲಿಲ್ಲ!”

ಅವಳಿಗೆ ಅದು ಕೇಳಿಸಲೇ ಇಲ್ಲ. ಬೆಳಕು ಸಾಲದೆ ಒದ್ದಾಡುವವಳು ತಗ್ಗಿಸುವ ಗುಂಡಿಯನ್ನು ಯಾಕಾದರೂ ಒತ್ತಿಯಾಳು? ಅವಳು ಯಾವತ್ತೂ ಒತ್ತಿರಲಿಲ್ಲ. ಆ ಗಳಿಗೆಯಲ್ಲಿ ಅವಳ ಮನಸ್ಸೆಲ್ಲ ಹೇಳಬೇಕಾದ ಮಾತಿನ ಮೇಲಿತ್ತು. ಮದುಮಗಳ ಉಳಿದ ಒಂದು ಕಣ್ಣನ್ನೇ ನೋಡುತ್ತ ಕೂತಿದ್ದಳು.

ಕಮಾಂಡು ಪರದೆಯ ಕೆಳಗೆ ಪುಟ್ಟದೊಂದು ಕಪ್ಪು ಕಿಟಕಿ ತೆರೆದ. ಕುಟ್ಟಿದ. ತನ್ನಷ್ಟಕ್ಕೆ ಗೊಣಗಿದ. “ಎರಡಿದೆ. ಎರಡ್ಯಾಕಿದೆ? ಇರೋದು ಒಂದು ಪರದೆ…” ಮತ್ತೆ ಕುಟ್ಟಿದ. “ಇದಾ ನಿಜವಾದದ್ದು? ನೋಡೇಬಿಡೋಣ.”

“ಮರೀ,” ಎಂದಳು ಅವಳು. “ನಿನಗೊಂದು ವಿಷಯ ಹೇಳಬೇಕು. ನನಗೆ ಸ್ವಲ್ಪ ದಿನದಿಂದ…”

ಕತ್ತಲಾಯಿತು.

ಮಂಕಾಗಿದ್ದಲ್ಲ, ಮಿನುಗಿದ್ದೂ ಅಲ್ಲ. ಇದ್ದ ಒಂದೇ ಬೆಳಕು ಹೇಳದೆ ಕೇಳದೆ ಹೋಯಿತು. ಬಾಗಿಲು ಹಾಕಿತ್ತು, ಕಿಟಕಿಗೆ ಮಾವನ ನೀಲಿ ಬಟ್ಟೆಯಿತ್ತು. ಕೋಣೆ ಮಸಿಯಾಯಿತು. ಅವಳ ಭುಜ ನನ್ನ ಕೈಯಡಿಯಲ್ಲಿ ಕಲ್ಲಾದದ್ದು ಗೊತ್ತಾಯಿತು. ಆಮೇಲೆ ಅವಳ ಕೈ ಮೇಲೆ ಬಂದು ನನ್ನ ಬೆರಳುಗಳನ್ನು ಹುಡುಕಿ ಹಿಡಿಯಿತು. ಅಳಲಿಲ್ಲ, ಕಿರುಚಲಿಲ್ಲ. ಬಸ್ಸು ಬಂತು ಎಂದು ಹೇಳುವವರ ಹಾಗೆ ಹೇಳಿದಳು.

“ಬಂತು ರೀ.”

ಆಗ ನಾನು ಹೇಳಿದ್ದು ಯೋಚಿಸಿ ಹೇಳಿದ್ದಲ್ಲ. ಮುಳುಗುವವರನ್ನು ಕಂಡಾಗ ಬರುವ ದನಿಯಲ್ಲಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ.

“ನನಗೂ ಕಾಣ್ತಿಲ್ಲ ಕಣೇ! ನನಗೂ ಏನೂ ಕಾಣ್ತಿಲ್ಲ!”

“ನನಗೂ ಅಷ್ಟೇ,” ಎಂದ ಕಮಾಂಡು ಕತ್ತಲೆಯೊಳಗಿನಿಂದ. “ಅದಕ್ಕ್ಯಾಕೆ ಭಾವ ಹಿಂಗೆ ಅರಚ್ತೀರ? ನಾನೇ ಸೊನ್ನೆ ಬರೆದೆ. ಸೊನ್ನೆ ಬರೆದ್ರೆ ಪೂರ್ತಿ ಆರಿಹೋಗುತ್ತೆ ಅಂತ ಗೊತ್ತಿರಲಿಲ್ಲ.”

ನನ್ನ ಬೆರಳುಗಳ ಮೇಲಿನ ಹಿಡಿತ ಸಡಿಲವಾಗಲಿಲ್ಲ, ಬಿಗಿಯಾಯಿತು.

“ನಿಮಗೂ?” ಎಂದಳು ಅವಳು.

“ದೇವರಾಣೆ. ಕಗ್ಗತ್ತಲು.”

ಕಮಾಂಡು ಮೊಬೈಲಿನ ಟಾರ್ಚು ಹಚ್ಚಿ ಪರದೆಗೆ ಅಡ್ಡಡ್ಡವಾಗಿ ಹಿಡಿದ. ನಾನು ಅದನ್ನು ಎಂದೂ ಮರೆಯಲಾರೆ. ಆರಿದ ಪರದೆಯೊಳಗೆ ಮದುಮಗಳು ಇದ್ದಳು. ಕೊಳದ ತಳದಲ್ಲಿ ಬಿದ್ದ ನಾಣ್ಯ ಕಾಣುವ ಹಾಗೆ, ಎಲ್ಲೋ ಆಳದಲ್ಲಿ, ಬೂದು ಬೂದಾಗಿ ಅವಳ ಮುಖ, ಅದರ ಕೆಳಗೆ ಕಮಾಂಡುವಿನ ಅಕ್ಷರಗಳು. ಚಿತ್ರ ಎಲ್ಲಿಗೂ ಹೋಗಿರಲಿಲ್ಲ. ಹಿಂದಿನ ದೀಪ ಮಾತ್ರ ಹೋಗಿತ್ತು.

“ಹಿಡ್ಕೊಳ್ಳಿ ಇದನ್ನ,” ಎಂದು ಟಾರ್ಚನ್ನು ನನ್ನ ಕೈಗಿತ್ತು, ಮೂಗು ಪರದೆಗೆ ತಾಗುವಷ್ಟು ಬಗ್ಗಿ, ಒಂದೊಂದೇ ಅಕ್ಷರ ಒತ್ತಿದ. “ಇದರಲ್ಲಿ ಎಷ್ಟು ದೊಡ್ಡ ಸಂಖ್ಯೆ ಹಿಡಿಯುತ್ತೋ ಅಷ್ಟನ್ನೂ ಬರೀತೀನಿ. ಕಣ್ಣು ಚುಚ್ಚೀತು, ಹುಷಾರು.”

ಬೆಳಕು ಬಂತು. ಪರದೆಯಿಂದ ಹೊರಗೆ ಚೆಲ್ಲಿ ಗೋಡೆ ಹತ್ತಿತು, ನೀಲಿ ಬಟ್ಟೆಯ ಮಡಿಕೆಗಳನ್ನೆಲ್ಲ ತೋರಿಸಿತು, ನಮ್ಮ ಮೂವರ ಮುಖ ಬೆಳಗಿತು. ಕಮಾಂಡು ಕಣ್ಣು ಕಿರಿದು ಮಾಡಿಕೊಂಡು ಹಿಂದೆ ಸರಿದ. ನನ್ನ ಹೆಂಡತಿ ಸರಿಯಲಿಲ್ಲ. ಕಣ್ಣು ಅಗಲಿಸಿ ಮುಂದೆ ಬಗ್ಗಿದಳು. ಮದುಮಗಳ ಒಂದು ಕಣ್ಣಿಗೆ ರೆಪ್ಪೆಗಳಿದ್ದವು. ಹಣೆಯ ಮೇಲೆ ಬೈತಲೆಯಿಂದ ತಪ್ಪಿಸಿಕೊಂಡ ಕೂದಲೆಳೆಗಳಿದ್ದವು. ನೆರಳೊಳಗೆ ಸೀರೆಯ ನೂಲಿತ್ತು.

“ಎಳೆ ಎಳೆಯಾಗಿ ಕಾಣ್ತಿದೆ,” ಎಂದಳು. ಆಮೇಲೆ ಅತ್ತಳು. ಅಷ್ಟು ದಿನದ್ದನ್ನೂ ಸೇರಿಸಿ ಅತ್ತಳು. ನಾನೂ ಅತ್ತೆ, ಅದನ್ನು ಮುಚ್ಚಿಟ್ಟು ನನಗೇನಾಗಬೇಕಿದೆ. ಕಮಾಂಡು ಬೆಪ್ಪಾಗಿ ಕೂತಿದ್ದ. ಬೆಳಕು ಜಾಸ್ತಿ ಮಾಡಿದ್ದಕ್ಕೆ ಯಾರೂ ಅವನೆದುರು ಹೀಗೆ ಅತ್ತಿರಲಿಲ್ಲ.

ವಿಷಯ ತಿಳಿದಾಗ ಅವನ ಮುಖ ಇಳಿದುಹೋಯಿತು. ಆಗ ಬಿಡಿಸಿ ಹೇಳಿದ. ಈ ಸಿಸ್ಟಮ್ಮಿನಲ್ಲಿ ಯಂತ್ರದ ಪ್ರತಿಯೊಂದು ಅಂಗಕ್ಕೂ ಒಂದು ಕಡತವಿರುತ್ತದಂತೆ. ಪರದೆಯ ದೀಪಕ್ಕೂ ಇದೆ. ಅದರಲ್ಲಿ ಸಂಖ್ಯೆ ಬರೆದರೆ ದೀಪ ಅಷ್ಟು ಉರಿಯುತ್ತದೆ. ಯಾವುದೋ ಅಪ್‌ಡೇಟಿನಲ್ಲಿ ಸಿಸ್ಟಮ್ಮಿಗೆ ಭ್ರಮೆಯಾಗಿ, ಒಂದು ದೀಪದ ಜಾಗದಲ್ಲಿ ಎರಡು ದೀಪವಿದೆಯೆಂದು ತಿಳಿದುಕೊಂಡಿದೆ. ಒಂದು ನಿಜವಾದದ್ದು. ಇನ್ನೊಂದು ಹೆಸರಿಗೆ ಮಾತ್ರ ಇರುವುದು. ಅಕ್ಕ ಒತ್ತುತ್ತಿದ್ದ ಗುಂಡಿ ಆ ಇಲ್ಲದ ದೀಪದ್ದು. ಪಟ್ಟಿ ತುಂಬಿದೆ ಎಂದು ತೋರಿಸುತ್ತಿದ್ದದ್ದೂ ಅದರದ್ದೇ.

“ಸರಿ, ಇಲ್ಲದ ದೀಪ ಎಷ್ಟಾದ್ರೂ ಉರೀಲಿ. ಇರೋ ದೀಪ ಯಾಕಯ್ಯ ದಿನಾ ಕಮ್ಮಿಯಾಗಬೇಕು?” ಎಂದು ಕೇಳಿದೆ.

ಕಮಾಂಡು ನಾಲಿಗೆ ಕಚ್ಚಿಕೊಂಡ. ಬ್ಯಾಟರಿ ಉಳಿಯಲೆಂದು ಅವನೇ ಒಂದು ಪುಟ್ಟ ಪ್ರೋಗ್ರಾಮು ಬರೆದಿಟ್ಟಿದ್ದನಂತೆ. ಪ್ಲಗ್ಗು ಕಿತ್ತರೆ ಬೆಳಕು ಸ್ವಲ್ಪ ಇಳಿಯಬೇಕು, ಹಾಕಿದರೆ ಅಷ್ಟೇ ಏರಬೇಕು. ಇಳಿಸುವ ಸಾಲಿನಲ್ಲಿ ನಿಜವಾದ ದೀಪದ ಹೆಸರು ಬರೆದಿದ್ದ. ಏರಿಸುವ ಸಾಲಿನಲ್ಲಿ ಸೋಮಾರಿತನಕ್ಕೆ ‘ಮೊದಲು ಸಿಕ್ಕ ದೀಪ’ ಎಂದು ಬರೆದುಬಿಟ್ಟಿದ್ದ. ಒಂದೇ ದೀಪ ಇದ್ದಾಗ ಅದು ನಡೆಯಿತು. ಎರಡಾದ ಮೇಲೆ ಮೊದಲು ಸಿಗುತ್ತಿದ್ದದ್ದು ಇಲ್ಲದ್ದು. ಇಳಿಯುವುದು ನಿಜದಲ್ಲಿ, ಏರುವುದು ಭ್ರಮೆಯಲ್ಲಿ.

“ಆದ್ರೂ ಅಷ್ಟೊಂದು ಇಳೀಬೇಕು ಅಂದ್ರೆ ದಿನಾ ಪ್ಲಗ್ಗು ಕೀಳಬೇಕು,” ಎಂದ. “ಅಕ್ಕಾ, ಮೇಜು ಬಿಟ್ಟು ಕದಲದ ಯಂತ್ರಕ್ಕೆ ಯಾಕೆ ದಿನಾ ಪ್ಲಗ್ಗು ಕೀಳ್ತೀಯ?”

“ಅಪ್ಪ ಹೇಳಿಕೊಟ್ಟಿದ್ದು,” ಎಂದಳು. ಸ್ಟುಡಿಯೋ ಮುಚ್ಚುವಾಗ ಮೊದಲು ಎಲ್ಲ ಪ್ಲಗ್ಗು ಕಿತ್ತು, ಆಮೇಲೆ ಮಿಕ್ಕಿದ್ದು. ಅವಳು ಸಂಜೆ ಕೆಲಸ ಮುಗಿಸಿ ಮೊದಲು ಪ್ಲಗ್ಗು ಕೀಳುತ್ತಿದ್ದಳು, ಆಮೇಲೆ ಯಂತ್ರ ಆರಿಸುತ್ತಿದ್ದಳು. ಯಂತ್ರ ಆರುವಾಗ ತಾನಿದ್ದ ಬೆಳಕನ್ನು ನೆನಪಿಟ್ಟುಕೊಂಡು, ಮರುದಿನ ಅಲ್ಲಿಂದಲೇ ಶುರುಮಾಡುತ್ತಿತ್ತು. ಹೀಗೆ ಅಪ್ಪನ ಮಾತಿಗೆ ತಪ್ಪದ ಮಗಳ ಮುಂದೆ ದಿನಕ್ಕಿಷ್ಟು ಕತ್ತಲೆ ಸೇರುತ್ತ ಬಂದಿತ್ತು.

ಅಕ್ಕ ತಮ್ಮ ಒಬ್ಬರನ್ನೊಬ್ಬರು ನೋಡಿಕೊಂಡರು. ಮೊದಲು ನಕ್ಕದ್ದು ಅವಳು.

“ಅಪ್ಪ ದೀಪಕ್ಕೆ ಬೈದರು, ಕೆಟ್ಟಿದ್ದು ಕಣ್ಣು. ನಾನು ಕಣ್ಣಿಗೆ ಬೈದೆ, ಕೆಟ್ಟಿದ್ದು ದೀಪ. ಮೇಲೆ ಕೂತು ನಗ್ತಿರ್ತಾರೆ ನೋಡು.”

“ಕಿವಿ ಹಿಂಡು ಅಕ್ಕ, ನನ್ನ ತಪ್ಪು,” ಎಂದು ಅವನು ತಲೆ ಬಗ್ಗಿಸಿದ. ಅವಳು ಹಿಂಡಿದಳು. ನಾನೂ ಇನ್ನೊಂದು ಕಿವಿ ಹಿಂಡಿದೆ. ಆಮೇಲೆ ಅವನು ಯಂತ್ರ ಏಳುವಾಗ ಓದುವ ಸಾಲಿಗೆ ಒಂದು ಪದ ಸೇರಿಸಿದ. ಇಲ್ಲದ ದೀಪವನ್ನು ನಂಬಬೇಡ ಎಂದು ಅದರ ಅರ್ಥವಂತೆ. ಆರಿಸಿ ಮತ್ತೆ ಹಚ್ಚಿದಾಗ ಕಪ್ಪು ಕಿಟಕಿಯಲ್ಲಿ ಒಂದೇ ಹೆಸರಿತ್ತು. ಗುಂಡಿ ಒತ್ತಿದರೆ ಬೆಳಕು ಇಳಿಯಿತು, ಏರಿತು. ಅವಳು ಮಗು ಆಟದ ಸಾಮಾನು ಒತ್ತುವ ಹಾಗೆ ಒತ್ತುತ್ತಲೇ ಇದ್ದಳು.

ಡಾಕ್ಟರ ಬಳಿ ಹೋಗುವುದನ್ನು ಮಾತ್ರ ನಾನು ತಪ್ಪಿಸಲಿಲ್ಲ. ಕಣ್ಣು ಚೆನ್ನಾಗಿದೆ, ಓದುವುದಕ್ಕೆ ಕನ್ನಡಕ ಬೇಕು, ಅಪ್ಪನಿಗೆ ಇತ್ತೆಂದ ಮೇಲೆ ವರ್ಷಕ್ಕೊಮ್ಮೆ ಬಂದು ತೋರಿಸಿ ಎಂದರು. ತಮ್ಮನನ್ನೂ ಎಳೆದುಕೊಂಡು ಹೋಗಿದ್ದೆವು. ಅವನಿಗೆ ಅವಳದಕ್ಕಿಂತ ದಪ್ಪ ಕನ್ನಡಕ ಬಂತು. ಸುಣ್ಣ ಬಳಿದುಕೊಂಡಿದ್ದ ಅಜ್ಜಿ, ಅಂಗಡಿಯಿಂದ ಬಂದ ಉಳಿದವರು, ಎಲ್ಲರನ್ನೂ ಅವಳು ಮತ್ತೆ ಕೂತು ಸರಿಮಾಡಿದಳು. ಅಜ್ಜಿಯ ಮುಖದಲ್ಲಿ ಈಗ ಸುಕ್ಕುಗಳಿವೆ, ತುಟಿಯ ಕೊನೆಯಲ್ಲಿ ಸಣ್ಣ ನಗುವಿದೆ.

ಕನ್ನಡಕ ಬಂದ ಮರುದಿನ ಬೆಳಿಗ್ಗೆ ಕಾಫಿ ಹಿಡಿದು ಕೂತಿದ್ದೆ. ಅವಳು ಬಂದು ನನ್ನ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿ ಎದುರಿಗೆ ಕೂತಳು. ಹೊಸ ಕನ್ನಡಕ ಮೂಗಿಗೇರಿಸಿ ಹಣೆಯಿಂದ ಶುರುಮಾಡಿದಳು.

“ಇನ್ನೂ ಯಾಕೇ? ಕಣ್ಣು ಸರಿ ಇದೆ ಅಂದರಲ್ಲ ಡಾಕ್ಟ್ರು?”

“ಬಾಯಿಪಾಠ ಅರ್ಧಕ್ಕೆ ನಿಂತಿದೆ,” ಎಂದಳು. “ಅಲ್ಲಾಡಬೇಡಿ.”

ನಾನು ಅಲ್ಲಾಡಲಿಲ್ಲ.